ಹಳೇ ಗಾಲ್ಫ್ ಕೋರ್ಸ್ ಹುಡುಕೋಕೆ ನಾನು ರ‍್ಯಾಂಕಿಂಗ್ ಬಿಟ್ಟು ಹಳೇ ಫೋಟೋ ಹಿಡಿದಿದ್ದು

ಕ್ಲಬ್‌ಹೌಸ್ ಗೋಡೆ ಮೇಲೆ ದೊಡ್ಡದಾಗಿ ಬರೆದಿತ್ತು, ಇದು ಡೊನಾಲ್ಡ್ ರಾಸ್ ಮಾಡಿದ ಕೋರ್ಸ್ ಅಂತ. ರಾಸ್ ಅಂದರೆ ಹಳೇ ಕಾಲದ ಹೆಸರಾಂತ ಗಾಲ್ಫ್ ಕೋರ್ಸ್ ವಿನ್ಯಾಸಕರು. ಅದೊಂದನ್ನೇ ನಂಬಿ ಮೂರು ಗಂಟೆ ಕಾರು ಓಡಿಸಿಕೊಂಡು ಹೋಗಿದ್ದೆ. ಆಡ್ತಾ ಹೋದಂತೆ ಬೇಜಾರು ಜಾಸ್ತಿ ಆಯ್ತು. ಹೆದ್ದಾರಿ ಬಂದಾಗ ಎಷ್ಟೋ ಹೋಲ್‌ಗಳನ್ನು (ಮೊದಲ ಹೊಡೆತದ ಜಾಗದಿಂದ ಚೆಂಡು ಬೀಳಿಸುವ ಕುಳಿಯವರೆಗಿನ ಒಂದೊಂದು ಅಂಕಣ) ಬೇರೆ ಕಡೆ ಸರಿಸಿದ್ದರು, ಬಂಕರ್ ಅನ್ನುವ ಮರಳುಗುಂಡಿಗಳನ್ನು ಮಣ್ಣು ಹಾಕಿ ಮುಚ್ಚಿದ್ದರು, ಕುಳಿಯ ಸುತ್ತ ಹುಲ್ಲು ನುಣ್ಣಗೆ ಕತ್ತರಿಸಿದ ಗ್ರೀನ್‌ಗಳೆಲ್ಲ ದೋಸೆ ಹುಯ್ದ ಹಾಗೆ ದುಂಡಗೆ ಒಂದೇ ಥರ. ರಾಸ್ ಹೆಸರು ಬಿಟ್ಟರೆ ಅವರದ್ದು ಅಂತ ಏನೂ ಉಳಿದಿರಲಿಲ್ಲ.

ಆಮೇಲೆ ದೊಡ್ಡ ಹೆಸರು, ರ‍್ಯಾಂಕಿಂಗ್ ನೋಡೋದು ಬಿಟ್ಟು, ಹಳೇ ರೂಪ ಉಳಿದಿರುವ ಕೋರ್ಸ್ ಹುಡುಕುವ ದಾರಿಯನ್ನೇ ಬದಲಿಸಿಕೊಂಡೆ.

ಅಮೆರಿಕದ ಒಳ್ಳೊಳ್ಳೆ ಹಳೇ ಕೋರ್ಸ್‌ಗಳು ಹೆಚ್ಚುಕಮ್ಮಿ 1910ರಿಂದ 1930ರ ದಶಕದ ಒಳಗೆ ಆದವು. 1930ರ ದಶಕದಲ್ಲೇ ಅಲ್ಲಿನ ಕೃಷಿ ಇಲಾಖೆ ಹೊಲಗಳ ಲೆಕ್ಕಕ್ಕೆ ಅಂತ ವಿಮಾನದಿಂದ ಊರೂರಿನ ಫೋಟೋ ತೆಗೆಸೋಕೆ ಶುರು ಮಾಡಿತು. ಹೊಲದ ಪಕ್ಕ ಇದ್ದ ಗಾಲ್ಫ್ ಕೋರ್ಸ್‌ಗಳೂ ಅದರಲ್ಲಿ ಬಿದ್ದಿವೆ, ಅದೂ ಇನ್ನೂ ಹೊಸದಾಗಿದ್ದಾಗಿನ ರೂಪದಲ್ಲಿ! ಎಷ್ಟೋ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಇವನ್ನು ಸ್ಕ್ಯಾನ್ ಮಾಡಿ ಇಟ್ಟಿವೆ. ಸ್ಕಾಟ್ಲೆಂಡಿನ ಕೋರ್ಸ್ ಆದರೆ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಹಳೇ ನಕ್ಷೆಗಳು ಆನ್‌ಲೈನ್‌ನಲ್ಲೇ ಸಿಗುತ್ತವೆ. ನಾನು ಮಾಡೋದು ಇಷ್ಟೇ. ಹಳೇ ಫೋಟೋ ಒಂದು ಕಡೆ, ಈಗಿನ ಸ್ಯಾಟಲೈಟ್ ಚಿತ್ರ ಇನ್ನೊಂದು ಕಡೆ ಇಟ್ಟುಕೊಂಡು ಒಂದೊಂದೇ ಹೋಲ್ ನೋಡುತ್ತಾ ಹೋಗುತ್ತೇನೆ. ಮೊದಲು ಹೋಲ್‌ಗಳ ದಾರಿ ಹಾಗೇ ಇದೆಯಾ ಅಂತ. ಅದು ಕೆಟ್ಟಿದ್ದರೆ ಅಲ್ಲಿಗೇ ಬಿಡುತ್ತೇನೆ. ಬಂಕರ್ ಮುಚ್ಚಿದ್ದರೆ ಪರವಾಗಿಲ್ಲ, ಮತ್ತೆ ತೆಗೆಯಬಹುದು. ಮರ ಬೆಳೆದು ಫೇರ್‌ವೇ, ಅಂದರೆ ಗ್ರೀನ್ ಕಡೆ ಹೋಗುವ ಹುಲ್ಲುದಾರಿ, ಕಿರಿದಾಗಿದ್ದರೂ ಸರಿ, ಕಡಿಯಬಹುದು. ಗ್ರೀನ್ ಕೆಳಗಿನ ಮಣ್ಣನ್ನೇ ಬುಲ್ಡೋಜರ್ ಹಾಕಿ ಬದಲಿಸಿದ್ದರೆ ಮಾತ್ರ ಹೋಗೋಕೆ ನನಗೆ ಮನಸ್ಸು ಬರುವುದಿಲ್ಲ.

ಗ್ರೀನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹುಲ್ಲು ಕತ್ತರಿಸುವವರು ಅಂಚು ತಿರುಗುವಾಗ ಮೆಷಿನ್ ಆಚೆ ಇಳಿಯದಿರಲಿ ಅಂತ ಒಂದು ಚೂರು ಒಳಗೇ ತಿರುಗಿಸುತ್ತಾರೆ. ವರ್ಷಾನುಗಟ್ಟಲೆ ಹೀಗೇ ನಡೆದರೆ ಮೂಲೆಗಳೆಲ್ಲ ಉದ್ದ ಹುಲ್ಲಾಗಿ ಗ್ರೀನ್ ದುಂಡಗಾಗುತ್ತದೆ. ಕಪ್ (ಚೆಂಡು ಬೀಳುವ ಕುಳಿ) ಇಡೋಕೆ ಎಲ್ಲಕ್ಕಿಂತ ಚೆನ್ನಾಗಿದ್ದ ಜಾಗಗಳು ಆ ಮೂಲೆಗಳಲ್ಲೇ ಇದ್ದವು, ಅಲ್ವಾ? ಆದರೆ ಕೆಳಗಿನ ಮಣ್ಣು ಎಲ್ಲೂ ಹೋಗಿರುವುದಿಲ್ಲ. ಗ್ರೀನ್ ಅಂಚಿನಿಂದ ಆಚೆ ಆ ಹುಲ್ಲಿನಲ್ಲಿ ಸುಮ್ನೆ ನಾಲ್ಕು ಹೆಜ್ಜೆ ನಡೆದು ನೋಡಿ. ನೆಲ ಸಮತಟ್ಟಾಗೇ ಹೋಗಿ ಆಮೇಲೆ ತಟಕ್ಕನೆ ಇಳಿದರೆ, ಹಳೇ ಗ್ರೀನ್ ಅಲ್ಲಿಯವರೆಗೂ ಇತ್ತು ಅಂತಲೇ ಲೆಕ್ಕ. ಗ್ರೀನ್ ಪಕ್ಕದ ಬಂಕರ್ ಸುಮ್ಮಸುಮ್ಮನೆ ಹತ್ತು ಹನ್ನೆರಡು ಅಡಿ ದೂರ ಕೂತಿದ್ದರೂ ಅದೇ ಗುರುತು. ನಾನು ಈಗ ಹೊಸ ಕೋರ್ಸಿಗೆ ಹೋದರೆ ಪಟ್ ಮಾಡುವ, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಮೊದಲು ಕಾಲಿನಿಂದ ಅಂಚು ಹುಡುಕುತ್ತೇನೆ.

ಈ ಕಣ್ಣಿನಿಂದ ನೋಡೋಕೆ ಶುರು ಮಾಡಿದ ಮೇಲೆ ನನಗೆ ತುಂಬಾ ಹಿಡಿಸಿದ್ದು ವಿಸ್ಕಾನ್ಸಿನ್‌ನ ಗ್ರೀನ್ ಲೇಕ್ ಊರಿನ ಲಾಸೋನಿಯಾ ಲಿಂಕ್ಸ್. ಲ್ಯಾಂಗ್‌ಫರ್ಡ್ ಮತ್ತು ಮೊರೊ ಜೋಡಿ ಮಾಡಿದ ಕೋರ್ಸ್, 1930ರದ್ದು. ಯಾರು ಬೇಕಾದರೂ ದುಡ್ಡು ಕೊಟ್ಟು ಆಡಬಹುದು. ಅಲ್ಲಿನ ಗ್ರೀನ್‌ಗಳು ಜಗಲಿ ಕಟ್ಟಿದ ಹಾಗೆ ಎತ್ತರಕ್ಕೆ ಎದ್ದು ನಿಂತಿವೆ, ಪಕ್ಕಗಳು ಕಡಿದಿಟ್ಟ ಹಾಗೆ ಕಡಿದಾಗಿ ಇಳಿಯುತ್ತವೆ. ಏಳನೇ ಹೋಲಿನ ಗ್ರೀನ್ ಕೆಳಗೆ ರೈಲಿನ ಒಂದು ಗೂಡ್ಸ್ ಡಬ್ಬಿಯನ್ನೇ ಹೂತಿದ್ದಾರೆ ಅಂತ ಹೇಳುತ್ತಾರೆ. ಮೊದಲ ಹೊಡೆತ ಹೊಡೆಯುವ ಟೀ ಮೇಲೆ ನಿಂತು ಆ ದಿಬ್ಬ ನೋಡಿದಾಗ ನನಗೆ ಅದು ನಿಜ ಅಂತಲೇ ಅನ್ನಿಸಿತು. ಚೆಂಡು ಗ್ರೀನ್ ತಲುಪದೆ ಮುಂಚೆಯೇ ಬಿದ್ದರೆ ನಿಲ್ಲುವುದಿಲ್ಲ, ಉರುಳಿಕೊಂಡು ಪೂರ್ತಿ ಕೆಳಗೇ ಬರುತ್ತದೆ.

ಇನ್ನೊಂದು ಮಾತು. ದುಡ್ಡು ಇಲ್ಲದ ಮುನಿಸಿಪಲ್ ಕೋರ್ಸ್‌ಗಳನ್ನು ತಳ್ಳಿಹಾಕಬೇಡಿ. ಶ್ರೀಮಂತ ಕ್ಲಬ್‌ಗಳು ಹತ್ತು ಹದಿನೈದು ವರ್ಷಕ್ಕೊಮ್ಮೆ ಯಾರನ್ನಾದರೂ ಕರೆಸಿ ಏನಾದರೂ ಬದಲಿಸುತ್ತಲೇ ಇರುತ್ತವೆ. ಊರಿನ ಕೋರ್ಸಿಗೆ ಆ ಖರ್ಚು ಮಾಡುವ ಶಕ್ತಿ ಇರುವುದಿಲ್ಲ, ಹಾಗಾಗಿ ಹುಲ್ಲು ಕೆಟ್ಟಿದ್ದರೂ ನೆಲದ ಆಕಾರ ಹಾಗೇ ಉಳಿದಿರುತ್ತದೆ. ಬೋಸ್ಟನ್ನಿನ ಜಾರ್ಜ್ ರೈಟ್ ಕೋರ್ಸ್ ನೋಡಿ. ಅದು ರಾಸ್ ಅವರದ್ದೇ, 1938ರಲ್ಲಿ ತೆರೆದದ್ದು. ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರದ ಕೆಲಸ ಕೊಡುವ ಯೋಜನೆಯ ಕೂಲಿಗಳು ಡೈನಮೈಟ್ ಇಟ್ಟು ಬಂಡೆ ಒಡೆದು ಕಟ್ಟಿದ್ದು. ನಡುವೆ ತುಂಬಾ ವರ್ಷ ಹಾಳುಬಿದ್ದ ಹಾಗಿತ್ತು. ನೆಲ ಕೆಟ್ಟಿರಲಿಲ್ಲವಲ್ಲ, ಚೆನ್ನಾಗಿ ನೋಡಿಕೊಳ್ಳೋಕೆ ಶುರು ಮಾಡಿದ ಮೇಲೆ ಮತ್ತೆ ಎದ್ದು ನಿಂತಿತು.

ಹಳೇ ಫೋಟೋದ ಬೆಲೆ ಗೊತ್ತಾಗಬೇಕಾದರೆ ಉತ್ತರ ಕ್ಯಾರೊಲಿನಾದಲ್ಲಿ ರಾಸ್ ಮಾಡಿದ ಪೈನ್‌ಹರ್ಸ್ಟ್ ನಂಬರ್ 2 ಕೋರ್ಸಿನ ಕಥೆ ಸಾಕು. 2010ರಿಂದ 2011ರ ತನಕ ವಿನ್ಯಾಸಕರಾದ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಅದನ್ನು ಹಳೇ ರೂಪಕ್ಕೆ ತಂದಾಗ ಮುಂದಿಟ್ಟುಕೊಂಡಿದ್ದು 1943ರ ವಿಮಾನದ ಫೋಟೋಗಳನ್ನು. ಹಳೇ ನೀರಿನ ಪೈಪು ಹೋದ ದಾರಿ ಹಿಡಿದು ಫೇರ್‌ವೇ ನಡುಭಾಗ ಎಲ್ಲಿತ್ತು ಅಂತ ಕಂಡುಕೊಂಡರು. ಆ ಊರಿನ ಟಫ್ಟ್ಸ್ ಆರ್ಕೈವ್ಸ್‌ನಲ್ಲಿ ರಾಸ್ ಅವರ ನಕ್ಷೆಗಳು ಇವೆ. ಆಡೋಕೆ ಹೋದವರು ಅಲ್ಲಿಗೂ ಹೋಗಿ ಬನ್ನಿ.

ಟೀ ಟೈಮ್, ಅಂದರೆ ಆಟ ಶುರು ಮಾಡೋಕೆ ಕೊಡುವ ಸಮಯದ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸಿಗೆ ಎರಡು ದಿನ ಮುಂಚೆ ಚೀಟಿ ಎತ್ತುವ ಬ್ಯಾಲಟ್‌ಗೆ ಹೆಸರು ಕೊಡಬಹುದು. ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟ ಇಲ್ಲ, ಊರಿನವರು ಕೋರ್ಸ್ ಮೇಲೇ ನಡೆದಾಡುತ್ತಾರೆ. ನ್ಯೂಯಾರ್ಕ್ ರಾಜ್ಯದ ಬೆತ್‌ಪೇಜ್ ಬ್ಲ್ಯಾಕ್ ಕೋರ್ಸಿನಲ್ಲಿ ಗಾಡಿ ಇಲ್ಲ, ನಡೆದೇ ಆಡಬೇಕು. ಎಲ್ಲಿಗೆ ಹೋಗುವುದಾದರೂ ಫೋನ್ ಮಾಡಿ ಬೇರಿಗೆ ಗಾಳಿ ಆಡಲಿ ಅಂತ ಗ್ರೀನ್‌ಗಳಿಗೆ ತೂತು ಹೊಡೆಯುವ ಕೆಲಸ ಯಾವಾಗ ಅಂತ ಕೇಳಿಕೊಳ್ಳಿ, ಆಗ ಗ್ರೀನ್ ಒರಟಾಗಿರುತ್ತದೆ. ಮಧ್ಯಾಹ್ನ ಕಳೆದ ಮೇಲಿನ ಹೊತ್ತು ನನಗೆ ಇಷ್ಟ. ರೇಟು ಕಡಿಮೆ, ಅದಕ್ಕಿಂತ ಮುಖ್ಯ ಅಂದರೆ ಇಳಿಬಿಸಿಲಿನ ನೆರಳಲ್ಲಿ ನೆಲದ ಉಬ್ಬು ತಗ್ಗು ಎದ್ದು ಕಾಣುತ್ತದೆ.

ಈಗ ನನ್ನ ಟೇಬಲ್ ಮೇಲೆ ಇರುವುದು ಶಾರ್ಪ್ ಪಾರ್ಕಿನ ಹಳೇ ಫೋಟೋ. ಕ್ಯಾಲಿಫೋರ್ನಿಯಾದ ಪಸಿಫಿಕಾದಲ್ಲಿ ಸಮುದ್ರದ ಪಕ್ಕ ಅಲಿಸ್ಟರ್ ಮೆಕೆಂಜಿ 1932ರಲ್ಲಿ ಮಾಡಿಕೊಟ್ಟ ಊರಿನ ಕೋರ್ಸ್. ಕೆಲವು ಹೋಲ್‌ಗಳು ಸಮುದ್ರದ ಪಾಲಾಗಿ ಹೊಸವು ರಸ್ತೆ ಆಚೆ ಬಂದಿವೆ, ಆದರೂ ಹಳೆಯವು ಸುಮಾರು ಉಳಿದಿವೆ. ಯಾವುದು ಹಳೇದು, ಯಾವುದು ಹೊಸದು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಕೂತಿದ್ದೇನೆ.