ಸೀಟು ಮೊದಲು, ಪೋಸ್ಟರ್ ಆಮೇಲೆ: ಮುಂಬಯಿಯಲ್ಲಿ ಕನ್ನಡದ ಸಣ್ಣ ಚಿತ್ರವನ್ನು ತೆರೆಗೆ ತರುವುದು ಹೇಗೆ?

ಭಾನುವಾರ ಬೆಳಿಗ್ಗೆ ಹತ್ತೂವರೆಯ ಆಟ. ಇನ್ನೂರಕ್ಕೂ ಹೆಚ್ಚು ಸೀಟುಗಳಿದ್ದ ಮಲ್ಟಿಪ್ಲೆಕ್ಸ್ ಪರದೆಯ ಮುಂದೆ ಕುಳಿತಿದ್ದವರು ಹದಿನಾಲ್ಕು ಮಂದಿ. ಅವರಲ್ಲಿ ಐವರು ಚಿತ್ರತಂಡದವರು, ಒಬ್ಬ ನಾನು. ನಿರ್ದೇಶಕರು ಊರಿನಿಂದ ರೈಲಿನಲ್ಲಿ ಹೊತ್ತು ತಂದಿದ್ದ ಪೋಸ್ಟರಿನ ಕಟ್ಟು ಲಾಬಿಯ ಮೂಲೆಯಲ್ಲಿ ಬಿಚ್ಚದೆಯೇ ಒರಗಿತ್ತು. ಚಿತ್ರ ಚೆನ್ನಾಗಿತ್ತು. ಆದರೆ ಅದೇ ದಿನ ಡೊಂಬಿವಲಿ ಕಡೆ ಒಂದು ಸಂಘದ ವಾರ್ಷಿಕೋತ್ಸವವೂ ಮಧ್ಯ ರೈಲ್ವೆಯಲ್ಲಿ ಮೆಗಾ ಬ್ಲಾಕೂ (ಹಳಿ ರಿಪೇರಿಗಾಗಿ ಲೋಕಲ್ ರೈಲುಗಳನ್ನು ಕಡಿತಗೊಳಿಸುವುದು) ಇದ್ದವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇಂಥ ಆಟಗಳನ್ನು ನಾನು ಒಂದೆರಡಲ್ಲ, ಹತ್ತಾರು ನೋಡಿದ್ದೇನೆ. ಹಣ ಹಾಕಿದವರು ಎಡವುವ ಜಾಗಗಳು ಪ್ರತಿ ಸಲವೂ ಹೆಚ್ಚು ಕಡಿಮೆ ಅವೇ ಆಗಿರುವುದರಿಂದ, ಅವನ್ನು ಕ್ರಮವಾಗಿ ಬರೆದಿಡುತ್ತಿದ್ದೇನೆ.

1. ಕಾಗದಪತ್ರ

ಸೆನ್ಸಾರ್ ಸರ್ಟಿಫಿಕೇಟನ್ನು ಬೆಂಗಳೂರಿನ ಪ್ರಾದೇಶಿಕ ಕಚೇರಿಯಲ್ಲೇ ಪಡೆಯಿರಿ. ಮಂಡಳಿಯ ಕೇಂದ್ರ ಕಚೇರಿ ಮುಂಬಯಿಯಲ್ಲಿದೆ ಎಂಬ ಕಾರಣಕ್ಕೆ ಕನ್ನಡ ಚಿತ್ರವನ್ನು ಇಲ್ಲಿಗೆ ತರಬೇಕಾಗಿಲ್ಲ, ಎಲ್ಲಿ ಪಡೆದರೂ ಅದು ದೇಶಕ್ಕೆಲ್ಲ ಸಲ್ಲುತ್ತದೆ. 2023ರ ತಿದ್ದುಪಡಿಯ ನಂತರ ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರಗಳ ಯು/ಎ ವರ್ಗವು 7+, 13+, 16+ ಎಂದು ಮೂರಾಗಿದೆ. ಚಿತ್ರದಲ್ಲಿ ಎತ್ತು, ಕೋಳಿ, ನಾಯಿ ಏನೇ ನಟಿಸಿದ್ದರೂ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಬೇಕಾಗುತ್ತದೆ. ಈ ಅರ್ಜಿಯನ್ನು ಚಿತ್ರೀಕರಣಕ್ಕೆ ಮೊದಲೇ ಹಾಕದೆ, ಕೊನೆಗೆ ಎರಡು ನಿಮಿಷದ ಕೋಳಿ ಅಂಕದ ದೃಶ್ಯಕ್ಕಾಗಿ ಬಿಡುಗಡೆಯ ದಿನಾಂಕವನ್ನೇ ಮುಂದೂಡಿದವರನ್ನು ನಾನು ಬಲ್ಲೆ.

2. ಚಿತ್ರೋತ್ಸವ

ಗೋವಾದಲ್ಲಿ ನವೆಂಬರ್, ಪುಣೆಯಲ್ಲಿ ಜನವರಿ: ನಮ್ಮ ಕಡೆಯ ಎರಡು ಮುಖ್ಯ ಉತ್ಸವಗಳ ತಿಂಗಳುಗಳನ್ನು ನೆನಪಿಟ್ಟುಕೊಂಡರೆ ಉಳಿದ ಲೆಕ್ಕ ಅದರ ಸುತ್ತ ಕೂರುತ್ತದೆ. ಗೋವಾದ ಉತ್ಸವದ ಜೊತೆಯಲ್ಲೇ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮವು 2007ರಲ್ಲಿ ಆರಂಭಿಸಿದ ಫಿಲ್ಮ್ ಬಜಾರ್ (2025ರಿಂದ ವೇವ್ಸ್ ಫಿಲ್ಮ್ ಬಜಾರ್) ಎಂಬ ಚಿತ್ರಗಳ ಮಾರುಕಟ್ಟೆ ನಡೆಯುತ್ತದೆ. ಚಿತ್ರ ಇನ್ನೂ ಕಚ್ಚಾ ಎಡಿಟಿಂಗಿನಲ್ಲಿದ್ದರೆ ಅದರ ವರ್ಕ್ ಇನ್ ಪ್ರೋಗ್ರೆಸ್ ವಿಭಾಗಕ್ಕೆ ಕಳುಹಿಸಿ. ಮುಗಿದಿದ್ದರೆ ವ್ಯೂಯಿಂಗ್ ರೂಮಿನಲ್ಲಿ ಇಡಿ, ಅಲ್ಲಿ ಹೊರದೇಶದ ಉತ್ಸವಗಳವರೂ ಮಾರಾಟ ಏಜೆಂಟರೂ ಕಂಪ್ಯೂಟರಿನ ಮುಂದೆ ಕುಳಿತು ತಮಗೆ ಬೇಕಾದದ್ದನ್ನು ಆರಿಸಿ ನೋಡುತ್ತಾರೆ. ಅವರ ಕೈಗೆ ಹತ್ತು ಪುಟದ ಕೈಪಿಡಿ ಕೊಡಬೇಡಿ. ಒಂದೇ ಹಾಳೆ ಸಾಕು: ಕಥೆ ನಾಲ್ಕು ವಾಕ್ಯ, ಅವಧಿ, ಭಾಷೆ, ಫೋನ್ ನಂಬರು.

ಉತ್ಸವಕ್ಕೆ ಕಳುಹಿಸುವ ಮೊದಲು ಊರಿನವರ ಒತ್ತಾಯಕ್ಕೆ ಸಾರ್ವಜನಿಕ ಪ್ರದರ್ಶನ ಮಾಡಿಬಿಟ್ಟರೆ 'ಪ್ರೀಮಿಯರ್', ಅಂದರೆ ಮೊದಲ ಪ್ರದರ್ಶನ, ಎಂಬ ಹಕ್ಕು ಕೈಬಿಟ್ಟುಹೋಗುತ್ತದೆ, ಮತ್ತು ಹಲವು ದೊಡ್ಡ ಉತ್ಸವಗಳು ಅದನ್ನೇ ಮೊದಲು ಕೇಳುತ್ತವೆ. ಉತ್ಸವದ ಹೆಸರು ಬಂದ ಮೇಲೆ ಚಿತ್ರವನ್ನು ಡಬ್ಬದಲ್ಲಿಡುವುದೂ ತಪ್ಪು. 'ತಿಥಿ'ಗೆ 2015ರ ಆಗಸ್ಟಿನಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಬಂತು, 2016ರ ಮೇ ತಿಂಗಳಲ್ಲಿ ಅದು ಕರ್ನಾಟಕದ ಚಿತ್ರಮಂದಿರಗಳಲ್ಲಿತ್ತು. ಸುದ್ದಿ ಆರುವ ಮೊದಲೇ ಜನರೆದುರು ಬರುವುದೆಂದರೆ ಅದು.

ಇನ್ನೊಂದು ಮಾತು. ತಿಂಗಳಿಗೊಮ್ಮೆ ನಡೆಯುವ, ಪ್ರದರ್ಶನವೇ ಇಲ್ಲದ, ಶುಲ್ಕ ಕಟ್ಟಿದವರಿಗೆಲ್ಲ ಪ್ರಶಸ್ತಿ ಕೊಡುವ ಆನ್‌ಲೈನ್ 'ಅಂತರರಾಷ್ಟ್ರೀಯ' ಉತ್ಸವಗಳಿಂದ ದೂರವಿರಿ. ಪೋಸ್ಟರಿನ ತುಂಬ ಇಂಥ ಉತ್ಸವಗಳ ಎಲೆಗಳ ಚಿಹ್ನೆ ಅಂಟಿಸಿಕೊಂಡ ಚಿತ್ರವನ್ನು ಕಂಡಕೂಡಲೇ ಅನುಭವಸ್ಥ ಆಯ್ಕೆದಾರರು ಪಕ್ಕಕ್ಕಿಡುತ್ತಾರೆ.

3. ವಿತರಕರೊಂದಿಗೆ ಕರಾರು

ವಿತರಕರು ಮೂರು ರೀತಿಯಲ್ಲಿ ಮಾತಾಡುತ್ತಾರೆ: ಪೂರ್ತಿ ಖರೀದಿ, ಮಿನಿಮಮ್ ಗ್ಯಾರಂಟಿ (ಕನಿಷ್ಠ ಇಷ್ಟು ಹಣವೆಂಬ ಖಾತ್ರಿ) ಅಥವಾ ಕಮಿಷನ್ (ಗಳಿಕೆಯಲ್ಲಿ ವಿತರಕರಿಗೊಂದು ಪಾಲು). ಹೊಸಬರ ಸ್ವತಂತ್ರ ಚಿತ್ರಕ್ಕೆ ಮೊದಲೆರಡು ಸಿಗುವುದು ಅಪರೂಪ, ಕಮಿಷನ್ನಿಗೆ ಸಿದ್ಧರಾಗಿ ಹೋಗಿ. ಕಮಿಷನ್ನಿನಲ್ಲಿ ಪ್ರಚಾರದ ಖರ್ಚೂ ಪ್ರಿಂಟಿನ ಖರ್ಚೂ ನಿಮ್ಮ ತಲೆಯ ಮೇಲೆಯೇ ಇರುತ್ತವೆ.

ಕರಾರಿನಲ್ಲಿ 'ಬಾಂಬೆ ಟೆರಿಟರಿ' ಎಂಬ ಎರಡು ಪದ ಕಂಡರೆ ಪೆನ್ನು ಕೆಳಗಿಡಿ. ಹಿಂದಿ ಚಿತ್ರವ್ಯಾಪಾರದ ಹಳೆಯ ನಕ್ಷೆಯಲ್ಲಿ ಈ ಟೆರಿಟರಿಗೆ, ಅಂದರೆ ವಿತರಣಾ ವಲಯಕ್ಕೆ, ಮುಂಬಯಿ, ಗುಜರಾತ್, ಗೋವಾ ಮಾತ್ರವಲ್ಲದೆ ಹಳೆಯ ಬಾಂಬೆ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ, ಧಾರವಾಡದ ಭಾಗಗಳೂ ಸೇರುತ್ತವೆ. ಹಿಂದಿ ನಿರ್ಮಾಪಕನಿಗೆ ಅದರಿಂದ ತೊಂದರೆಯಿಲ್ಲ. ಆದರೆ ಕನ್ನಡ ಚಿತ್ರದವರು ಮುಂಬಯಿಯ ಮೂರು ಆಟಗಳಿಗಾಗಿ ಸಹಿ ಹಾಕಿ, ಆಮೇಲೆ ಹುಬ್ಬಳ್ಳಿಯ ಹಕ್ಕು ಯಾರದೆಂದು ಜಗಳಕ್ಕೆ ನಿಲ್ಲುವುದು ಬೇಡ. ಯಾವ ಯಾವ ಜಿಲ್ಲೆ ಎಂದು ಹೆಸರು ಹೆಸರಾಗಿ ಬರೆಯಿಸಿಕೊಳ್ಳಿ.

ಹಣದ ಲೆಕ್ಕವನ್ನೂ ಮೊದಲೇ ಹಾಕಿನೋಡಿ. 200 ರೂಪಾಯಿಯ ಟಿಕೆಟಿನಲ್ಲಿ 18 ಶೇಕಡಾ ಜಿ.ಎಸ್.ಟಿ. ಕಳೆದರೆ ಉಳಿಯುವುದು ಸುಮಾರು 169 ರೂಪಾಯಿ. ಹಿಂದಿ ಚಿತ್ರಗಳಿಗೆ 2009ರಲ್ಲಿ ಮಲ್ಟಿಪ್ಲೆಕ್ಸುಗಳು ಒಪ್ಪಿದ ಲೆಕ್ಕದಂತೆ ಮೊದಲ ವಾರ 50, ಎರಡನೆಯ ವಾರ 42.5, ಮೂರನೆಯ ವಾರ 37.5, ಆಮೇಲೆ 30 ಶೇಕಡಾ ವಿತರಕರ ಕಡೆಗೆ ಬರುತ್ತದೆ. ಆ ಲೆಕ್ಕ ನಿಮಗೂ ಸಿಕ್ಕಿತೆಂದೇ ಇಟ್ಟುಕೊಂಡರೂ ಮೊದಲ ವಾರ ಒಂದು ಟಿಕೆಟಿಗೆ ಸುಮಾರು 85 ರೂಪಾಯಿ, ನೂರು ಜನ ಬಂದರೆ ಎಂಟೂವರೆ ಸಾವಿರ. ಅದರಲ್ಲೇ ಪರದೆಯ ಡಿಜಿಟಲ್ ಶುಲ್ಕವೂ ವಿತರಕರ ಕಮಿಷನ್ನೂ ಹೋಗಬೇಕು. ಇದನ್ನು ಬರೆದು ನೋಡಿದ ಮೇಲೆ ಮುಂಬಯಿಯ ರಸ್ತೆಬದಿಯಲ್ಲಿ ಹೋರ್ಡಿಂಗ್ ಹಾಕಿಸುವ ಆಸೆ ತಾನಾಗಿ ಇಳಿಯುತ್ತದೆ.

4. ಆಟ ಗೊತ್ತುಮಾಡುವುದು

ಎಲ್ಲರೂ ಮುಗ್ಗರಿಸುವುದು ಇಲ್ಲಿಯೇ. ಯಾವ ಚಿತ್ರಕ್ಕೆ ಎಷ್ಟು ಆಟ ಎಂದು ನಿರ್ಧರಿಸುವ ಮಲ್ಟಿಪ್ಲೆಕ್ಸಿನ ಪ್ರೋಗ್ರಾಮಿಂಗ್ ವಿಭಾಗದವರ ಮುಂದೆ ಟ್ರೇಲರ್ ಇಟ್ಟುಕೊಂಡು ಕುಳಿತರೆ ಅವರು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಜನ ಬರುತ್ತಾರೆ? 'ಮುಂಬಯಿಯಲ್ಲಿ ಲಕ್ಷಾಂತರ ಕನ್ನಡಿಗರಿದ್ದಾರೆ' ಎಂಬುದು ಉತ್ತರವಲ್ಲ. ಸೀಟು ಎಣಿಸಿಕೊಂಡು ಹೋಗುವ ಪದ್ಧತಿ ಹೊಸದೇನೂ ಅಲ್ಲ. 2013ರಲ್ಲಿ 'ಶಿಪ್ ಆಫ್ ಥೀಸಿಯಸ್' ಚಿತ್ರದವರು ತಮ್ಮ ಊರಿಗೆ ಚಿತ್ರ ಬೇಕೆಂದು ಪ್ರೇಕ್ಷಕರಿಂದಲೇ ಫೇಸ್‌ಬುಕ್ಕಿನಲ್ಲಿ ಮತ ಹಾಕಿಸಿದ್ದರು. ನಮಗೆ ಅದಕ್ಕಿಂತ ಒಂದು ನೋಟ್‌ಬುಕ್ ವಾಸಿ.

ನೋಟ್‌ಬುಕ್ಕನ್ನು ರೈಲಿನ ಮಾರ್ಗದಂತೆ ಮೂರು ಭಾಗ ಮಾಡಿ. ಪಶ್ಚಿಮ ಮಾರ್ಗದಲ್ಲಿ ಮೀರಾರೋಡ್, ಭಾಯಂದರ್, ವಸಾಯಿ. ಮಧ್ಯ ಮಾರ್ಗದಲ್ಲಿ ಮುಲುಂಡ್, ಥಾಣೆ, ಡೊಂಬಿವಲಿ. ಹಾರ್ಬರಿನಲ್ಲಿ ವಾಶಿ, ನೆರೂಲ್. ಮೀರಾರೋಡಿನ ಕುಟುಂಬವು ಸಂಘದ ಸಮಾರಂಭಕ್ಕೆ ಕುರ್ಲಾಕ್ಕೆ ಬರುತ್ತದೆ, ಏಕೆಂದರೆ ಅಲ್ಲಿ ಪರಿಚಿತರೂ ಊಟವೂ ಇರುತ್ತವೆ. ಗೊತ್ತಿಲ್ಲದ ನಿರ್ದೇಶಕರ ಚಿತ್ರಕ್ಕೆ ಎರಡು ಕಡೆ ಗಾಡಿ ಬದಲಿಸಿ ಬರುವುದಿಲ್ಲ. ಆದ್ದರಿಂದ ಒಂದೇ ಮಾಲ್‌ನಲ್ಲಿ ಮೂರು ಆಟ ಕೇಳುವ ಬದಲು ಮಾರ್ಗಕ್ಕೊಂದರಂತೆ ಮೂರು ಕಡೆ ಒಂದೊಂದು ಆಟ ಕೇಳಿ.

ಸಮಯದ ವಿಚಾರ ಇನ್ನೂ ಸೂಕ್ಷ್ಮ. ಹೋಟೆಲಿನವರು ನಮ್ಮ ಪ್ರೇಕ್ಷಕರಲ್ಲಿ ದೊಡ್ಡ ಪಾಲು, ಆದರೆ ಭಾನುವಾರ ಅವರಿಗೆ ಉಸಿರಾಡಲೂ ಬಿಡುವಿಲ್ಲ. 'ಭಾನುವಾರ ಬೆಳಿಗ್ಗೆ ಗಲ್ಲೆ ಬಿಟ್ಟು ಸಿನಿಮಾಕ್ಕೆ ಬಂದರೆ ದೋಸೆಯನ್ನು ನಿಮ್ಮ ಹೀರೋ ಹೊಯ್ಯುತ್ತಾನಾ ಮಾರಾಯ್ರೇ?' ಎಂದು ಮುಲುಂಡಿನ ಹೋಟೆಲ್ ಮಾಲಕರೊಬ್ಬರು ನನ್ನನ್ನು ಕೇಳಿದ ಮೇಲೆಯೇ ನನಗೂ ಬುದ್ಧಿ ಬಂದದ್ದು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾ ಆರಂಭವಾಗುವವರೆಗಿನ ಹೊತ್ತು ಅವರದು. ವಾರದ ದಿನ ಮೂರರ ಆಟವನ್ನು ಅವರಿಗಾಗಿಯೇ ಇಡಿ, ಚಿತ್ರ ಎರಡು ಗಂಟೆಗೆ ಮೀರದಿದ್ದರೆ ಪಾಳಿ ಹಂಚಿಕೊಂಡು ಬರುತ್ತಾರೆ. ಕುಟುಂಬಗಳಿಗೆ ಭಾನುವಾರ ಬೆಳಗಿನ ಆಟವೇ ಸರಿ. ಆದರೆ ಮಧ್ಯ ಮತ್ತು ಹಾರ್ಬರ್ ಮಾರ್ಗಗಳ ಮೆಗಾ ಬ್ಲಾಕ್ ಸಾಮಾನ್ಯವಾಗಿ ಹನ್ನೊಂದರ ಸುಮಾರಿಗೆ ಆರಂಭವಾಗಿ ಮಧ್ಯಾಹ್ನ ದಾಟಿಯೂ ನಡೆಯುತ್ತದೆ, ಅದರ ಪ್ರಕಟಣೆ ಬರುವುದೇ ಒಂದೆರಡು ದಿನ ಮೊದಲು. ಅಷ್ಟರಲ್ಲಿ ಆಟ ನಿಗದಿಯಾಗಿರುತ್ತದೆ. ಆದ್ದರಿಂದ ಪ್ರೇಕ್ಷಕರು ರಿಕ್ಷಾದಲ್ಲಿ ತಲುಪಬಹುದಾದ ಚಿತ್ರಮಂದಿರವನ್ನೇ ಆರಿಸಿ, ರೈಲನ್ನು ನಂಬಬೇಡಿ. ಡಿಸೆಂಬರ್, ಜನವರಿಗಳಲ್ಲಿ ಪ್ರತಿ ಭಾನುವಾರವೂ ಯಾವುದಾದರೊಂದು ಸಂಘದ ವಾರ್ಷಿಕೋತ್ಸವವಿರುತ್ತದೆ. ಮುಂಬಯಿಯ ಕನ್ನಡ ದಿನಪತ್ರಿಕೆ 'ಕರ್ನಾಟಕ ಮಲ್ಲ'ದ ಸಭೆ ಸಮಾರಂಭಗಳ ಸುದ್ದಿಯನ್ನು ಒಂದು ತಿಂಗಳು ಓದಿ ಆಮೇಲೆ ದಿನಾಂಕ ಹಿಡಿಯಿರಿ. ಸಂಜೆಯ ಪ್ರೈಮ್ ಟೈಮಿಗೆ ಹಟ ಹಿಡಿಯಬೇಡಿ. ಮಲ್ಟಿಪ್ಲೆಕ್ಸುಗಳು ಮರಾಠಿ ಚಿತ್ರಗಳಿಗೆ ಪ್ರೈಮ್ ಟೈಮಿನಲ್ಲಿ ಆಟ ಕೊಡಬೇಕೆಂದು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಹೇಳಿದೆ, ಉಳಿದದ್ದನ್ನು ಹಿಂದಿ ನುಂಗುತ್ತದೆ.

ಈಗ ಎಣಿಕೆ. ವಾಟ್ಸಾಪಿನಲ್ಲಿ 'ಖಂಡಿತ ಬರುತ್ತೇವೆ' ಎಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕೈಮುಗಿದ ಚಿತ್ರ ಕಳುಹಿಸಿದವರನ್ನಂತೂ ಬಿಟ್ಟೇಬಿಡಿ. ಹಣ ಕೊಟ್ಟವರೇ ಪ್ರೇಕ್ಷಕರು. ಪ್ರತಿ ಬಡಾವಣೆಯಲ್ಲಿ ಒಬ್ಬರನ್ನು ಹಿಡಿಯಿರಿ. ಅವರು ಸಂಘದ ಅಧ್ಯಕ್ಷರಾಗಿರಬೇಕಿಲ್ಲ, ಭಜನಾ ಮಂಡಳಿಗೆ ಚಂದಾ ಎತ್ತುವ ಅಕ್ಕ ಅಧ್ಯಕ್ಷರಿಗಿಂತ ಹೆಚ್ಚು ಟಿಕೆಟ್ ಮಾರುತ್ತಾರೆ. ಹಿರಿಯರು ಬುಕ್‌ಮೈಶೋ ತೆರೆಯುವುದಿಲ್ಲ, ಅವರ ಹಣವನ್ನು ಈ ಅಕ್ಕನೇ ಸಂಗ್ರಹಿಸಿ ಒಟ್ಟಿಗೆ ಬುಕ್ ಮಾಡಿಸಲಿ. ಅರವತ್ತು ಸೀಟಿನ ಹಣ ಕೈಗೆ ಬಂದ ಮೇಲೆ ಪ್ರೋಗ್ರಾಮಿಂಗಿನವರಿಗೆ ಫೋನ್ ಮಾಡಿ ನೋಡಿ, ಅವರ ದನಿಯೇ ಬೇರೆಯಾಗಿರುತ್ತದೆ. ಶುಕ್ರವಾರದ ಆಟಗಳು ಪಕ್ಕಾ ಆಗುವುದು ಬುಧವಾರ ಅಥವಾ ಗುರುವಾರ. ಅಲ್ಲಿಯವರೆಗೆ ಸಮಯವನ್ನು ಪೋಸ್ಟರಿನಲ್ಲಿ ಅಚ್ಚು ಮಾಡಿಸಬೇಡಿ.

ಪೋಸ್ಟರ್ ಬೇಕೇ ಬೇಕೆಂದರೆ ಎ4 ಗಾತ್ರದ್ದು ಮಾಡಿಸಿ, ಹೋಟೆಲಿನ ಗಲ್ಲೆಯ ಪಕ್ಕ ಅಂಟುವಂತಿರಲಿ; ದೊಡ್ಡದನ್ನು ಯಾರೂ ಅಂಟಿಸಲು ಬಿಡುವುದಿಲ್ಲ. ಚಿತ್ರದ ಹೆಸರು ದೇವನಾಗರಿಯಲ್ಲೂ ಇರಲಿ, ಏಕೆಂದರೆ ಮನೆಯ ಸೊಸೆಯೋ ಅಳಿಯನೋ ಮರಾಠಿಯವರಾಗಿರಬಹುದು, ಇಲ್ಲಿ ಹುಟ್ಟಿದ ಮಕ್ಕಳಿಗಂತೂ ಕನ್ನಡ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ.

ಮಲ್ಟಿಪ್ಲೆಕ್ಸ್ ಸಿಗದಿದ್ದರೆ ಮಾಟುಂಗಾದ ಮೈಸೂರು ಅಸೋಸಿಯೇಷನ್, ಪುಣೆಯ ಕನ್ನಡ ಸಂಘದಂಥ ಸಂಸ್ಥೆಗಳನ್ನು ವಿಚಾರಿಸಿ. ಯಾವುದೇ ಸಭಾಂಗಣವಾದರೂ ಹಗಲಿನಲ್ಲಿ ಒಮ್ಮೆ ಹೋಗಿ ಕಿಟಕಿಗಳಿಂದ ಎಷ್ಟು ಬೆಳಕು ಬರುತ್ತದೆಂದು ನೋಡಿ. ಭಾಷಣಕ್ಕೆ ಸಾಕಾಗುವ ಸ್ಪೀಕರು ಚಿತ್ರಕ್ಕೆ ಸಾಲುವುದಿಲ್ಲ.

5. ಪ್ರಿಂಟು, ಬೀಗದ ಕೈ, ಸಬ್‌ಟೈಟಲ್

ಚಿತ್ರಮಂದಿರಕ್ಕೆ ಹೋಗುವುದು ಡಿ.ಸಿ.ಪಿ. ಎಂಬ ಫೈಲುಗಳ ಕಟ್ಟು. ಸೆಕೆಂಡಿಗೆ 24 ಫ್ರೇಮಿನಲ್ಲೇ ಚಿತ್ರೀಕರಿಸಿ. 25ರಲ್ಲಿ ತೆಗೆದು ಆಮೇಲೆ ಇಳಿಸಿದರೆ ಅವಧಿ ಹಿಗ್ಗುತ್ತದೆ, ಧ್ವನಿಯನ್ನು ಮತ್ತೆ ಸರಿಹೊಂದಿಸಬೇಕಾಗುತ್ತದೆ. ಬೀಗ ಹಾಕಿದ (ಎನ್‌ಕ್ರಿಪ್ಟ್ ಮಾಡಿದ) ಡಿ.ಸಿ.ಪಿ.ಗೆ ಕೆ.ಡಿ.ಎಂ. ಎಂಬ ಬೀಗದ ಕೈ ಇರುತ್ತದೆ. ಅದು ಆ ಪರದೆಯ ಸರ್ವರಿಗೆ ಮಾತ್ರ ಹೊಂದುತ್ತದೆ, ಕೊಟ್ಟ ಅವಧಿಯಲ್ಲಿ ಮಾತ್ರ ತೆರೆಯುತ್ತದೆ. ನಮ್ಮ ಒಂದು ಆಟಕ್ಕೆ ಲ್ಯಾಬಿನವರು ಬೆಳಿಗ್ಗೆ ಹತ್ತರಿಂದ ಎಂದು ಕೀ ಮಾಡಿಕೊಟ್ಟಿದ್ದರು, ಆದರೆ ಭಾರತದ ಸಮಯವೆಂದು ನಮೂದಿಸಿರಲಿಲ್ಲ. ಐದೂವರೆ ಗಂಟೆಯ ಅಂತರದಿಂದ ಅದು ತೆರೆಯಬೇಕಾಗಿದ್ದದ್ದು ಮಧ್ಯಾಹ್ನ ಮೂರೂವರೆಗೆ. ಎಂಬತ್ತು ಜನ ಕತ್ತಲಲ್ಲಿ ಕುಳಿತಿದ್ದರು, ನಾನು ಪ್ರೊಜೆಕ್ಷನ್ ಕೋಣೆಯ ಬಾಗಿಲಲ್ಲಿ ನಿಂತು ರಜೆಯ ದಿನ ಲ್ಯಾಬಿನ ಯಾರಾದರೂ ಫೋನ್ ಎತ್ತಲಿ ಎಂದು ಕಾಯುತ್ತಿದ್ದೆ. ಹೊಸ ಕೀ ಬರುವ ಹೊತ್ತಿಗೆ ಅರ್ಧ ಸಭಾಂಗಣ ಖಾಲಿ. ಕೀಲಿಯ ಅವಧಿಯನ್ನು ಹಿಂದಿನ ರಾತ್ರಿಯಿಂದಲೇ ಆರಂಭಿಸಿ, ಅದೇ ಕಟ್ಟಡದ ಪಕ್ಕದ ಪರದೆಗೂ ಒಂದು ಕೀ ಮಾಡಿಸಿ, ಹಿಂದಿನ ದಿನ ಹತ್ತು ನಿಮಿಷವಾದರೂ ಓಡಿಸಿ ನೋಡಿ.

ಸಬ್‌ಟೈಟಲನ್ನು ಯಂತ್ರಕ್ಕೆ ಬಿಡುವುದು ಈಗಿನ ಹೊಸ ಅಡ್ಡದಾರಿ. 'ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ' ಎಂದು ತಾಯಿ ಬೀಗರ ಮುಂದೆ ಕಣ್ಣೀರಿಡುವಾಗ ಕೆಳಗೆ ತಪ್ಪನ್ನು ನುಂಗುವಂತೆ ಕೋರುವ ಇಂಗ್ಲಿಷ್ ವಾಕ್ಯ ಮೂಡಿ, ಇಡೀ ಸಾಲು ನಕ್ಕದ್ದನ್ನು ಕಂಡಿದ್ದೇನೆ. ಎರಡೂ ಭಾಷೆ ಬಲ್ಲವರಿಂದ ಮಾಡಿಸಿ. ಅಕ್ಷರಕ್ಕೆ ಸಣ್ಣ ಕಪ್ಪು ಅಂಚಿರಲಿ, ಇಲ್ಲದಿದ್ದರೆ ಬಿಳಿ ಪಂಚೆಯ ಮೇಲೆ ಬಂದ ಮಾತೆಲ್ಲ ಮಾಯವಾಗುತ್ತದೆ.

6. ಒಟಿಟಿ

ಚಿತ್ರಮಂದಿರದ ಆಟಗಳು ಮುಗಿಯುವವರೆಗೆ ಯಾರಿಗೂ ಲಿಂಕ್ ಕೊಡಬೇಡಿ, ಸಂಬಂಧಿಕರಿಗೂ. ವೇದಿಕೆಯವರ ಕರಾರಿನಲ್ಲಿ 'ಎಲ್ಲ ಹಕ್ಕುಗಳು, ಶಾಶ್ವತವಾಗಿ' ಎಂದಿದ್ದರೆ ವರ್ಷಗಳ ಮಿತಿ ಹಾಕಿಸಿ. ಹಾಡು, ಕಥೆ, ಹಿನ್ನೆಲೆ ಸಂಗೀತದ ಹಕ್ಕುಪತ್ರಗಳಿಲ್ಲದೆ ಮಾತುಕತೆಯೇ ಮುಂದುವರಿಯುವುದಿಲ್ಲ.

7. ಲೆಕ್ಕ

ಪ್ರತಿ ಆಟದ ಕಲೆಕ್ಷನ್ ವರದಿಯನ್ನು ಅದೇ ದಿನ ಕೇಳಿ ಪಡೆಯಿರಿ, ನಿಮ್ಮ ನೋಟ್‌ಬುಕ್ಕಿನ ಎಣಿಕೆಯೊಂದಿಗೆ ತಾಳೆ ನೋಡಿ. ವ್ಯತ್ಯಾಸವಿದ್ದರೆ ಮರುದಿನವೇ ಇಮೇಲ್ ಬರೆಯಿರಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆಯಿರುವುದಿಲ್ಲ. ಹಾರ್ಡ್ ಡಿಸ್ಕನ್ನು ಕೊರಿಯರಿಗೆ ಕಾಯದೆ ಕೈಯಲ್ಲೇ ವಾಪಸು ತನ್ನಿ. ನೋಟ್‌ಬುಕ್ಕನ್ನು ಮಾತ್ರ ಜೋಪಾನವಾಗಿಡಿ, ಮುಂದಿನ ವರ್ಷ ಇನ್ನೊಬ್ಬ ಹುಡುಗ ಪೋಸ್ಟರಿನ ಕಟ್ಟು ಹಿಡಿದು ದಾದರಿನಲ್ಲಿ ಇಳಿದಾಗ ಅವನಿಗೆ ಕೊಡಬಹುದು.