ಸೋಲಾರ್ ಬಂತು, ಪವರ್ ಫ್ಯಾಕ್ಟರ್ ಬಿತ್ತು: ನಾನು ಸರಿಮಾಡಿದ ಬಗೆ

ನಮ್ಮ ಫ್ಯಾಕ್ಟರಿ ಶೆಡ್ ಮೇಲೆ 300 ಕಿಲೋವ್ಯಾಟ್ ಸೋಲಾರ್ ಹಾಕಿಸಿದ ಮೇಲೆ ಕರೆಂಟ್ ಯೂನಿಟ್ ಚೆನ್ನಾಗಿ ಇಳಿಯಿತು. ಆದರೆ ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ (ಎಳೆದ ಒಟ್ಟು ಕೆವಿಎಯಲ್ಲಿ ನಿಜವಾಗಿ ಕೆಲಸ ಮಾಡುವ ಪಾಲು) ಕಡಿಮೆ ಅಂತ ದಂಡ ಬರತೊಡಗಿತು. ಕೆಪಾಸಿಟರ್ ಪ್ಯಾನೆಲ್‌ನ ರಿಲೇ (ಪವರ್ ಫ್ಯಾಕ್ಟರ್ ನೋಡಿ ಕೆಪಾಸಿಟರ್ ಸೇರಿಸುವ, ಬಿಡಿಸುವ ಸಾಧನ) ಮಾತ್ರ ಆರಾಮಾಗಿ 0.98 ತೋರಿಸುತ್ತಿತ್ತು. ಮೀಟರ್ ಕೆಟ್ಟಿರಬೇಕು ಅಂತ ಎಲ್ಲರೂ ಅಂದರು. ಮೀಟರ್ ಸರಿಯಾಗೇ ಇತ್ತು.

ಲೆಕ್ಕ ನೋಡಿ. 400 ಕಿಲೋವ್ಯಾಟ್ ಲೋಡಿಗೆ 0.98 ಇದ್ದರೆ ಸುಮಾರು 81 ಕೆವಿಎಆರ್ (ಮೋಟರ್‌ಗಳಿಗೆ ಬೇಕಾದ, ಆದರೆ ಕೆಲಸ ಮಾಡದ ರಿಯಾಕ್ಟಿವ್ ಪವರ್) ಬೇಕು. ಮಧ್ಯಾಹ್ನ ಸೋಲಾರ್ 300 ಕೊಟ್ಟರೆ ಗ್ರಿಡ್‌ನಿಂದ ಬರುವುದು ಬರೀ 100 ಕಿಲೋವ್ಯಾಟ್. ಇನ್ವರ್ಟರ್ ಯೂನಿಟಿಯಲ್ಲಿ (ಪವರ್ ಫ್ಯಾಕ್ಟರ್ 1, ಕೆವಿಎಆರ್ ಸೊನ್ನೆ) ಓಡುತ್ತಿತ್ತು, ಹಾಗಾಗಿ ಆ 81 ಕೆವಿಎಆರ್ ಪೂರ್ತಿ ಗ್ರಿಡ್ಡೇ ಕೊಡಬೇಕು. ಆಗ ಮೀಟರಿನಲ್ಲಿ ಬರುವುದು 0.78! ರಿಲೇಗೆ ಇದು ಕಾಣಲೇ ಇಲ್ಲ. ಅದರ ಸಿಟಿ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್) ಲೋಡ್ ಕಡೆಗಿತ್ತು, ಸೋಲಾರ್ ಸೇರುತ್ತಿದ್ದದ್ದು ಅದಕ್ಕಿಂತ ಮುಂಚೆ, ಗ್ರಿಡ್ ಕಡೆಗೆ.

ಶಟ್‌ಡೌನ್ ತೆಗೆದುಕೊಂಡು ಸಿಟಿಯನ್ನು ಗ್ರಿಡ್ ಕರೆಂಟ್ ಒಳಬರುವ ಮೇನ್ ಇನ್‌ಕಮರ್‌ಗೆ ಸಾಗಿಸಿದೆ. ಲೈವ್ ಇದ್ದಾಗ ಸಿಟಿಯ ಸೆಕೆಂಡರಿ (ರಿಲೇಗೆ ಹೋಗುವ ಕಡೆ) ಯಾವತ್ತೂ ತೆರೆದಿರಬಾರದು, ಜೀವಕ್ಕೇ ಅಪಾಯ. ರಜಾದಿನ ಕರೆಂಟ್ ಹೊರಗೆ ಹರಿಯುತ್ತದಲ್ವಾ, ಆಗ ಹಳೇ ರಿಲೇ ಲೆಕ್ಕ ತಲೆಕೆಳಗೆ ಮಾಡಿ ಕೆಪಾಸಿಟರ್ ಹಾಕುತ್ತದೆ. ಅದಕ್ಕೆ ನಾಲ್ಕು ಕ್ವಾಡ್ರಂಟ್ (ಕರೆಂಟ್ ಒಳಗೆ ಬಂದರೂ ಹೊರಗೆ ಹೋದರೂ) ಅರ್ಥವಾಗುವ ರಿಲೇ ಕೂರಿಸಿದೆ.

ಇಷ್ಟಕ್ಕೇ ಸುಮ್ನೆ ಕೆಪಾಸಿಟರ್ ಜಾಸ್ತಿ ಮಾಡಬೇಡಿ. ನಮ್ಮದು 500 ಕೆವಿಎ ಟ್ರಾನ್ಸ್‌ಫಾರ್ಮರ್, ಇಂಪೀಡೆನ್ಸ್ 5 ಪರ್ಸೆಂಟ್. ಅಂದರೆ 500ನ್ನು 0.05ರಿಂದ ಭಾಗಿಸಿದರೆ ಶಾರ್ಟ್ ಸರ್ಕ್ಯೂಟ್ ಮಟ್ಟ 10,000 ಕೆವಿಎ. ಕೆಪಾಸಿಟರ್ 200 ಕೆವಿಎಆರ್ ಪೂರ್ತಿ ಸೇರಿದರೆ 10,000ವನ್ನು 200ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ: 7.07. ಏಳನೇ ಹಾರ್ಮೋನಿಕ್ (50 ಹರ್ಟ್ಸ್‌ನ ಏಳು ಪಟ್ಟಿನ ಅಲೆ), 350 ಹರ್ಟ್ಸ್, ಸರಿಯಾಗಿ ಅಲ್ಲೇ ರೆಸೋನೆನ್ಸ್, ಅಂದರೆ ಆ ಅಲೆ ಅನುರಣಿಸಿ ದೊಡ್ಡದಾಗುತ್ತದೆ! ನಮ್ಮ ವಿಎಫ್‌ಡಿಗಳು (ಮೋಟರ್ ವೇಗ ಬದಲಿಸುವ ಡ್ರೈವ್‌ಗಳು) ಆ ಏಳನೆಯದನ್ನು ಧಾರಾಳವಾಗಿ ಹುಟ್ಟಿಸುತ್ತವೆ. ಕೆಪಾಸಿಟರ್ ಉಬ್ಬಿ ಹೋಗುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. 7 ಪರ್ಸೆಂಟ್ ಡಿಟ್ಯೂನ್ಡ್ ರಿಯಾಕ್ಟರ್ (ಕೆಪಾಸಿಟರ್ ಜೊತೆ ಸರಣಿಯಲ್ಲಿ ಕೂರುವ ಕಾಯಿಲ್) ಹಾಕಿದೆ. ಅದರಿಂದ ಕೆಪಾಸಿಟರ್–ರಿಯಾಕ್ಟರ್ ಜೋಡಿಯ ಟ್ಯೂನಿಂಗ್ 189 ಹರ್ಟ್ಸ್‌ಗೆ ಇಳಿಯುತ್ತದೆ, ಐದನೇ, ಏಳನೇ ಹಾರ್ಮೋನಿಕ್ ಎರಡೂ ತಪ್ಪುತ್ತವೆ. ರಿಯಾಕ್ಟರ್ ಜೊತೆ ಕೆಪಾಸಿಟರ್ ಮೇಲೆ ವೋಲ್ಟೇಜ್ ಏರುತ್ತದೆ, ಆದ್ದರಿಂದ 525 ವೋಲ್ಟ್‌ನವನ್ನೇ ತಂದೆ.

ಕೊನೆಗೆ ಇನ್ವರ್ಟರ್, ಅದೂ ಕೆವಿಎಆರ್ ಕೊಡಬಲ್ಲದು. ಮೋಡ ಬಂದು ಹೋಗುವ ವೇಗಕ್ಕೆ ಕೆಪಾಸಿಟರ್ ಸಾಲುವುದಿಲ್ಲ, ಬಿಟ್ಟ ಸ್ಟೆಪ್ (ಕೆಪಾಸಿಟರ್ ಗುಂಪು) ಡಿಸ್ಚಾರ್ಜ್ ಆಗುವವರೆಗೆ ಮತ್ತೆ ಸೇರಬಾರದು. ಇನ್ವರ್ಟರ್‌ನಲ್ಲಿ ಫಿಕ್ಸೆಡ್ ಪವರ್ ಫ್ಯಾಕ್ಟರ್ ಬೇಡ, ಫಿಕ್ಸೆಡ್ ಕೆವಿಎಆರ್ ಇಡಿ. ಮೊದಲನೆಯದರಲ್ಲಿ ಬಿಸಿಲು ಇಳಿದಾಗ ಕೆವಿಎಆರ್ ಕೂಡ ಇಳಿಯುತ್ತದೆ. ಮೋಟರ್‌ಗಳಿಗೆ ಬೇಕಾದದ್ದು ಇಳಿಯುವುದಿಲ್ಲ. ಕೆವಿಎಆರ್ ಕೊಡುವುದೋ ಎಳೆಯುವುದೋ ಅನ್ನುವ ಪ್ಲಸ್, ಮೈನಸ್ ಗುರುತು ಕಂಪನಿಗೊಂದು ಥರ ಇರುತ್ತದೆ. ಸ್ವಲ್ಪ ಏರಿಸಿ ಮೇನ್ ಮೀಟರ್ ನೋಡಿ. ವೋಲ್ಟೇಜನ್ನೂ ನೋಡಿ, ಫೇಸ್‌ಗೆ 253 ದಾಟಿದರೆ ಇನ್ವರ್ಟರ್ ಟ್ರಿಪ್ ಆಗುತ್ತದೆ. ನಮ್ಮ ಮೇನ್ ಮೀಟರ್ ಈಗ ಮಧ್ಯಾಹ್ನವೂ 0.97ಕ್ಕಿಂತ ಕೆಳಗೆ ಬರುವುದಿಲ್ಲ.