ಫುಟ್‌ಬಾಲ್ ಆಡದ ಅಪ್ಪ-ಅಮ್ಮಂದಿರನ್ನು ಕೋಚ್‌ಗಳನ್ನಾಗಿ ಮಾಡಿದ ಬಗೆ

ಆಟ ಗೊತ್ತಿಲ್ಲದವರ ಕೈಗೆ ಮಕ್ಕಳನ್ನು ಕೊಟ್ಟರೆ ಕೆಟ್ಟ ಅಭ್ಯಾಸ ಅಂಟುತ್ತೆ ಅಂತ ಲೈಸೆನ್ಸ್ ಇರುವ ಕೋಚ್‌ಗಳು ಮೂಗು ಮುರಿದಿದ್ದರು. ಈಗ ಮೈಸೂರಿನ ಕುವೆಂಪುನಗರದ ಕಡೆ ಭಾನುವಾರ ಬೆಳಗ್ಗೆ ನಲವತ್ತರ ಹತ್ತಿರ ಮಕ್ಕಳು, ಅವರಿಗೆ ಫುಟ್‌ಬಾಲ್ ಆಡಿಸುವ ಆರೇಳು ಅಪ್ಪ-ಅಮ್ಮಂದಿರು. ಅವರಲ್ಲಿ ಹೆಚ್ಚಿನವರು ಟೆನಿಸ್ ಬಾಲ್ ಕ್ರಿಕೆಟ್ ಬಿಟ್ಟು ಬೇರೇನೂ ಆಡಿದವರಲ್ಲ. ಮೂಗು ಮುರಿದವರಲ್ಲೇ ಒಬ್ಬಿಬ್ಬರು ಬಂದು ನಾವು ಪೋಷಕರಿಗೆ ಕೊಡುವ ಆಟದ ಚೀಟಿಯ ಫೋಟೋ ಹೊಡೆದುಕೊಂಡು ಹೋಗಿದ್ದಾರೆ.

ಮೊದಲು ಪೋಷಕರಿಗೆ ಹಾಲ್‌ನಲ್ಲಿ ಪ್ರೊಜೆಕ್ಟರ್ ಹಾಕಿ ಮಾಡಿದ ಕ್ಲಾಸ್ ಪೂರ್ತಿ ದಂಡ. ಬಾಡಿಗೆ, ತಿಂಡಿ ಕಾಫಿ ಸೇರಿ ನಾಲ್ಕು ಸಾವಿರ ಹೋಯಿತು. ಮೈದಾನಕ್ಕಿಳಿದ ಮೇಲೆ ಎಲ್ಲರೂ ಮಾಡಿಸಿದ್ದು ತಮ್ಮ ಪಿ.ಟಿ. ಮೇಷ್ಟ್ರು ಮಾಡಿಸಿದ್ದನ್ನೇ: ಎರಡು ರೌಂಡ್ ಓಟ, ಆಮೇಲೆ ಸಾಲು. ಹನ್ನೆರಡು ಮಕ್ಕಳು, ಒಂದು ಚೆಂಡು, ತಲಾ 20 ಸೆಕೆಂಡ್ ಅಂದರೆ ನಾಲ್ಕು ನಿಮಿಷಕ್ಕೊಂದು ಸರದಿ. ಸಾಲಿನ ಹಿಂದೆ ಮಣ್ಣೆರಚಾಟ ಶುರುವಾಗದೆ ಇನ್ನೇನು.

ಕೈಹಿಡಿದದ್ದು ಅಂಗೈಯಗಲದ ಚೀಟಿ. ವಾರಕ್ಕೊಂದು ಆಟ, ಅಂಕಣದ ಚಿತ್ರ, ಹೇಳಬೇಕಾದ ಒಂದೇ ಮಾತು. ಅಂಕಣ 25 ಹೆಜ್ಜೆ ಉದ್ದ, 18 ಅಗಲ. ಗೋಲು ಎರಡು ಹೆಜ್ಜೆ. ಮೂವರ ಮೇಲೆ ಮೂವರು, ಕೀಪರ್ ಇಲ್ಲ. ಒಬ್ಬ ಪೋಷಕರಿಗೆ ಆರೇ ಮಕ್ಕಳು. ಸಾಲು ನಿಲ್ಲಿಸುವುದು, ಅರ್ಧ ನಿಮಿಷ ಮೀರಿದ ಭಾಷಣ, ಚೆಂಡು ಮಗುವಿನ ಕಾಲಲ್ಲಿದ್ದಾಗ ‘ಪಾಸ್ ಪಾಸ್’ ಅಂತ ಕೂಗುವುದು ನಿಷಿದ್ಧ.

ವಾರ್ಮ್ ಅಪ್‌ಗೆ ಯೂಟ್ಯೂಬ್ ಡ್ರಿಲ್ ಬೇಡ, ಕೆರೆ-ದಡ ಸಾಕು. ‘ದಡ’ ಅಂದರೆ ಚೆಂಡನ್ನು ಗೆರೆ ದಾಟಿಸಿ ಅಂಗಾಲಿನಲ್ಲಿ ತಡೆಯಬೇಕು, ‘ಕೆರೆ’ ಅಂದರೆ ಅದೇ ಅಂಗಾಲಿನಲ್ಲಿ ಹಿಂದಕ್ಕೆಳೆಯಬೇಕು. ಲಾಕ್ ಅಂಡ್ ಕೀಯಲ್ಲಿ ಲಾಕ್ ಆದವರು ಕಾಲಗಲಿಸಿ ನಿಲ್ಲುತ್ತಾರೆ; ಕಾಲ ಸಂದಿನಲ್ಲಿ ಚೆಂಡು ದಾಟಿಸಿದರೆ ಬಿಡುಗಡೆ. ಈ ಆಟಗಳ ನಿಯಮ ಪೋಷಕರಿಗೆ ಮೊದಲೇ ಬಾಯಿಪಾಠ, ಅದಕ್ಕೇ ಧೈರ್ಯವಾಗಿ ನಡೆಸುತ್ತಾರೆ.

ಮ್ಯಾಚ್ ಒಂದೇ ಕಡೆ ವಾಲಿದಾಗ ಪೋಷಕರಿಗೆ ಭಾಷಣದ ಚಪಲ ಬರುತ್ತೆ. ಬದಲಿಗೆ ಗೆಲ್ಲುತ್ತಿರುವವರು ಕಾಯುವ ಗೋಲನ್ನು ಎರಡು ಹೆಜ್ಜೆ ಅಗಲಿಸಿ. ಮಕ್ಕಳೆಲ್ಲ ಚೆಂಡಿಗೆ ಜೇನಿನಂತೆ ಮುತ್ತಿದರೆ ಏಳು ವರ್ಷದವರನ್ನು ಹಾಗೇ ಬಿಡಿ. ಒಂಬತ್ತು ದಾಟಿದವರಿಗೆ ನಾಲ್ಕು ಮೂಲೆಗೂ ಗೋಲು ಇಡಿ, ತಾವೇ ಹರಡಿಕೊಳ್ಳುತ್ತಾರೆ. ಹೆಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವುದು, ಇಲ್ಲ; ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ 2020ರಲ್ಲೇ ಪ್ರಾಥಮಿಕ ಶಾಲೆ ವಯಸ್ಸಿನವರ ತರಬೇತಿಯಿಂದ ಅದನ್ನು ಕೈಬಿಡಲು ಹೇಳಿತು.

ದುಡ್ಡು ಹೆಚ್ಚು ತಿನ್ನುವುದು ಚೆಂಡು. ಸಾವಿರದೈನೂರರ ಪಿಯು (ಕೃತಕ ಚರ್ಮ) ಹೊದಿಕೆಯದ್ದು ನಮ್ಮ ಕೆಮ್ಮಣ್ಣಿನ ಗರಸಿಗೆ ಎರಡು ಮೂರು ತಿಂಗಳಲ್ಲಿ ಸಿಪ್ಪೆ ಏಳುತ್ತೆ. ಐನೂರರ ಆಸುಪಾಸಿನ ಮೋಲ್ಡೆಡ್ ರಬ್ಬರ್ ಚೆಂಡು ವರ್ಷ ಬಾಳುತ್ತೆ, ಆದರೆ ಗಟ್ಟಿ. ಗಾಳಿಯ ಒತ್ತಡ 6 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಪುಟಿತವೂ ಹಿಡಿತಕ್ಕೆ ಬರುತ್ತೆ. ಎಂಟರೊಳಗಿನವರಿಗೆ ಸೈಜ್ 3, ಹನ್ನೆರಡರವರೆಗೆ 4. ಪಂಪಿನ ಸೂಜಿಯನ್ನು ಒಣದಾಗೇ ಚುಚ್ಚಿದರೆ ವಾಲ್ವ್ ಒಳಕ್ಕೆ ಕುಸಿಯುತ್ತೆ, ಒಂದು ತೊಟ್ಟು ಗ್ಲಿಸರಿನ್ ಹಚ್ಚಿ. ಟೀಮ್ ಗುರುತಿಗೆ ಹಾಕುವ ಬಿಬ್‌ಗೆ ಖರ್ಚು ಬೇಡ, ಮನೆಯ ಹಳೇ ಟೀ ಶರ್ಟ್ ಆದೀತು.

ಮಳೆಗಾಲದಲ್ಲಿ ಕಡಿಮೆ ಪುಟಿಯುವ ಫುಟ್ಸಾಲ್ (ಒಳಾಂಗಣ ಫುಟ್‌ಬಾಲ್) ಚೆಂಡು ಹಿಡಿದು ಕಾಂಕ್ರೀಟ್ ಬ್ಯಾಡ್ಮಿಂಟನ್ ಅಂಕಣದಲ್ಲೂ ಆಡಿಸಿ ನೋಡಿದೆವು. ಮಕ್ಕಳ ಕಾಲಿಗೆ ಹಿಡಿತ ಬಂತು, ಮೊಣಕಾಲ ಚರ್ಮ ಮಾತ್ರ ಹೋಯಿತು. ಅದಕ್ಕಿಂತ ಫಲ ಕೊಟ್ಟದ್ದು ಮಕ್ಕಳಿಗಿಂತ ಮುಂಚೆ ಪೋಷಕರನ್ನೇ ಹತ್ತು ನಿಮಿಷ ಮೂವರ ಮೇಲೆ ಮೂವರು ಆಡಿಸಿದ್ದು. ಚೆಂಡು ಕಾಲಿಗೆ ಬಂದಾಗ ಯಾರ ಕೂಗೂ ಕಿವಿಗೆ ಬೀಳಲ್ಲ ಅಂತ ಅವರಿಗೇ ತಿಳಿಯುತ್ತೆ. ಆ ಬೆಳಗ್ಗೆ ಗೆರೆಯಾಚೆಯ ಗಲಾಟೆ ಅರ್ಧಕ್ಕೆ ಇಳಿದಿರುತ್ತೆ.